ಹೊಗೆ ಬರ್ಲೇಬೇಕು ಸಾರ್

ಯೆಜ್ಡಿ ಬಗ್ಗೆ ಬರೆಯುವವರೆಲ್ಲ ಅದರ ಸದ್ದನ್ನೇ ಹಾಡಿ ಹೊಗಳ್ತಾರೆ, ಆಯಿಲ್ ಸೀಲಿನ ಸುದ್ದಿ ಯಾರೂ ಎತ್ತಲ್ಲ. ಮೊನ್ನೆ ಅಗ್ಗಕ್ಕೆ ಸಿಕ್ತಿದೆ ಅಂತ ಒಂದು ರೋಡ್‌ಕಿಂಗ್ ನೋಡೋಕೆ ಹೋಗಿದ್ದೆ. "ಟೂ ಸ್ಟ್ರೋಕ್ ಅಲ್ವಾ ಸಾರ್, ಹೊಗೆ ಬರ್ಲೇಬೇಕು" ಅಂದ ಮಾರುವವ. ಅರ್ಧ ನಿಜ. ಪೆಟ್ರೋಲಿನ ಜೊತೆ ಆಯಿಲ್ ಸುಡುವ ಗಾಡಿ, ತಣ್ಣಗಿದ್ದಾಗ ಹೊಗೆ ಸಹಜ. ಇದು ಬಿಸಿಯಾದ ಮೇಲೂ ಬೀದಿ ತುಂಬ ಉಗುಳುತ್ತಿತ್ತು. ನೆಲದ ಮೇಲೆ ಒಂದು ಹನಿ ಸೋರಿಲ್ಲ, ಗೇರ್ ಆಯಿಲ್ ಮಾತ್ರ ಕಮ್ಮಿ. ಕ್ರ್ಯಾಂಕ್ ಸೀಲ್ ಹೋಗಿ ಎಂಜಿನ್ನೇ ಅದನ್ನು ಕುಡೀತಿರಬೇಕು. ಮೈಸೂರಿನ ಐಡಿಯಲ್ ಜಾವಾ 1996ರಲ್ಲೇ ಬಾಗಿಲು ಹಾಕಿದೆ. ಒಳ್ಳೆ ಬಿಡಿಭಾಗ ಹುಡುಕೋದೇ ಇನ್ನೊಂದು ಸಂಸಾರ. ಕಿಕ್ಕರನ್ನೇ ಗೇರ್ ಲಿವರ್ ಮಾಡಿದ ಜಾಣತನಕ್ಕೆ ನಾನೂ ಸೋತವನೇ, ಇಲ್ಲ ಅನ್ನಲ್ಲ. ಎಂಜಿನ್ ಬಿಚ್ಚುವ ಖರ್ಚು ಕಳೆದು ರೇಟು ಹೇಳಿದೆ. ಅವನು ಗಾಡಿಗೆ ಕವರ್ ಹೊದಿಸಿದ.