ಸಿಕ್ಕಿದ ಮೇಲೆ ಏನು?

ಕಂಪ್ಯೂಟರ್ ಆಟವೆಂದರೆ ಗುಂಡು ಹಾರಿಸುವುದು, ಇಲ್ಲವೇ ಕಾರು ಓಡಿಸುವುದು ಎಂದು ತಿಳಿದ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಾನೂ ಅವರಲ್ಲೊಬ್ಬನಾಗಿದ್ದೆ. ಮೂಡುಬಿದಿರೆಯ ಕಾಲೇಜಿನಲ್ಲಿ ಓದುವ ಅಕ್ಕನ ಮಗಳು ಕಳೆದ ರಜೆಯಲ್ಲಿ ಬಂಟ್ವಾಳದ ನಮ್ಮ ಮನೆಗೆ ಬಂದಾಗ ಆಡುತ್ತಿದ್ದ ಆಟವನ್ನು ನೋಡಿದ ಮೇಲೆ ಆ ತಿಳಿವಳಿಕೆ ಬದಲಾಯಿತು. ಅದರಲ್ಲಿ ಗುಂಡಿನ ಸದ್ದಿರಲಿಲ್ಲ. ಪಾಳುಬಿದ್ದ ಒಂದು ಕೋಟೆ, ಅದರೊಳಗೆ ಮಾಟಗಾತಿಯ ಅಡುಗೆಮನೆ. ಅಲ್ಲಿ ಪಾತ್ರೆ, ಪುಸ್ತಕ, ಗಡಿಯಾರ, ಗೊಂಬೆ, ಹಗ್ಗ ಎಲ್ಲವೂ ಒಂದರ ಮೇಲೊಂದು ರಾಶಿ ಬಿದ್ದಿದ್ದವು. ಕೆಳಗೆ ಇಂಗ್ಲಿಷಿನಲ್ಲಿ ಹೆಸರುಗಳ ಪಟ್ಟಿ. ಹೆಸರು ಓದಬೇಕು, ರಾಶಿಯೊಳಗೆ ಆ ಸಾಮಾನನ್ನು ಹುಡುಕಿ ಅದರ ಮೇಲೆ ಕ್ಲಿಕ್ ಮಾಡಬೇಕು. ಆಗ ಸಾಮಾನು ಮಿನುಗಿ ಮಾಯವಾಗುತ್ತದೆ, ಪಟ್ಟಿಯಿಂದ ಅದರ ಹೆಸರು ಅಳಿಯುತ್ತದೆ.

ಪಕ್ಕದಲ್ಲಿ ಕುಳಿತಿದ್ದ ಉಮ್ಮನಿಗೆ ಇಂಗ್ಲಿಷ್ ಬಾರದು. ಮೊಮ್ಮಗಳು ಹೆಸರು ಹೇಳತೊಡಗಿದಳು, ಉಮ್ಮ ಹುಡುಕತೊಡಗಿದರು. "ಅದೋ, ಪರದೆಯ ಹಿಂದೆ ಕತ್ತಿ" ಎಂದು ಅವಳಿಗಿಂತ ಮೊದಲೇ ತೋರಿಸಿದರು. ಕತ್ತಿ ಮಾಯವಾಯಿತು.

"ಎಲ್ಲಿಟ್ಟೆ ಅದನ್ನು?"

"ಎಲ್ಲಿಯೂ ಇಲ್ಲ. ಸಿಕ್ಕಿತಲ್ಲ, ಮುಗಿಯಿತು."

"ಸಿಕ್ಕಿದ ಮೇಲೆ ಏನು?"

ಹುಡುಗಿ ನಕ್ಕಳು. ಈ ಬಗೆಯ ಆಟಗಳನ್ನು ವಿಮರ್ಶಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ತೋಚಿಲ್ಲ.

ಇವಕ್ಕೆ 'ಹಿಡನ್ ಆಬ್ಜೆಕ್ಟ್' ಆಟಗಳೆಂದು ಹೆಸರು. ಜನರ ಗುಂಪಿನಲ್ಲಿ ಒಬ್ಬನನ್ನು ಹುಡುಕುವ ಮಾರ್ಟಿನ್ ಹ್ಯಾಂಡ್‌ಫರ್ಡ್ ಅವರ 'ವೇರ್ ಈಸ್ ವಾಲಿ?' ಚಿತ್ರಪುಸ್ತಕ 1987ರಲ್ಲಿ ಬಂದಿತ್ತು. ಕಂಪ್ಯೂಟರಿನಲ್ಲಿ ಈ ಬಗೆಯನ್ನು ಜನಪ್ರಿಯಗೊಳಿಸಿದವುಗಳಲ್ಲಿ ಮುಖ್ಯವಾದದ್ದು ಅಮೆರಿಕದ ಸಿಯಾಟಲ್ ನಗರದ ಬಿಗ್ ಫಿಶ್ ಗೇಮ್ಸ್ 2005ರಲ್ಲಿ ಹೊರತಂದ 'ಮಿಸ್ಟರಿ ಕೇಸ್ ಫೈಲ್ಸ್: ಹಂಟ್ಸ್‌ವಿಲ್'. ಮುಂದೆ ಬರಿಯ ಹುಡುಕಾಟದ ಜೊತೆಗೆ ಕತೆ, ಬೀಗ, ಒಗಟು, ಮಾಯಾಲೋಕಗಳೂ ಸೇರಿಕೊಂಡವು. ಪೋಲೆಂಡಿನ ಆರ್ಟಿಫೆಕ್ಸ್ ಮುಂಡಿ ಕಂಪನಿಯ 'ಗ್ರಿಮ್ ಲೆಜೆಂಡ್ಸ್' ಸರಣಿಯ ಮೊದಲ ಆಟ 2014ರದು. ಮದುವೆಗೆಂದು ಹೋದ ಊರಿನಲ್ಲಿ ಮದುಮಗಳನ್ನೇ ಕರಡಿಯೊಂದು ಹೊತ್ತೊಯ್ಯುವುದರಿಂದ ಅದರ ಕತೆ ಶುರುವಾಗುತ್ತದೆ.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಈ ಆಟಗಳಲ್ಲಿ ಯಾರನ್ನೂ ಕೊಂದು ಗೆಲ್ಲಬೇಕಾಗಿಲ್ಲ. ಹಲವು ಆಟಗಳಲ್ಲಿ ಅವಸರವೂ ಇಲ್ಲ. ತೋಚದಿದ್ದರೆ ಸುಳಿವು ಕೊಡುವ ಗುಂಡಿಯಿದೆ. ಕಣ್ಣುಮುಚ್ಚಿ ಎಲ್ಲೆಂದರಲ್ಲಿ ಕ್ಲಿಕ್ ಮಾಡಿದರೆ ಹಲವು ಆಟಗಳು ಸ್ವಲ್ಪ ಹೊತ್ತು ಕೈ ಕಟ್ಟಿಹಾಕುತ್ತವೆ. ಅಂದರೆ ನೋಡಿ ಮುಟ್ಟು ಎನ್ನುತ್ತವೆ. ಒಂದೇ ಪರದೆಯ ಮುಂದೆ ಅಜ್ಜಿ ಮೊಮ್ಮಗಳು ಸಮಾನರಾಗಿ ಕುಳಿತು ಆಡಬಹುದಾದ ಆಟ ಎಷ್ಟಿವೆ? ಚಿತ್ರಗಳ ಕುಸುರಿ ಕೆಲಸವೂ ಮೆಚ್ಚುವಂಥದ್ದೇ.

ಆದರೆ ಉಮ್ಮನ ಪ್ರಶ್ನೆಗೆ ಆಟದ ಬಳಿ ಉತ್ತರವಿಲ್ಲ. ಹುಡುಕಿದ ಹತ್ತು ಹನ್ನೆರಡು ಸಾಮಾನುಗಳಲ್ಲಿ ಒಂದೋ ಎರಡೋ ನಮ್ಮ ಚೀಲ ಸೇರುತ್ತವೆ. ಅವು ಒಂದು ಬೀಗ ತೆಗೆಯಲು, ಒಂದು ಬಳ್ಳಿ ಕತ್ತರಿಸಲು ಉಪಯೋಗವಾಗಿ ಅಲ್ಲಿಗೇ ಮುಗಿಯುತ್ತವೆ. ಉಳಿದವು ಗಾಳಿಗೆ. ಆ ಅಡುಗೆಮನೆಯಲ್ಲಿ ಯಾರು ಅಡುಗೆ ಮಾಡುತ್ತಿದ್ದರು, ಆ ಕತ್ತಿಯಿಂದ ಯಾರು ಏನು ಕೊಯ್ಯುತ್ತಿದ್ದರು? ಯಾವ ಸಾಮಾನಿಗೂ ಯಜಮಾನನಿಲ್ಲ, ಬಳಸಿ ಸವೆದ ಗುರುತಿಲ್ಲ. ವಸ್ತು ಎಂದರೆ ಒಂದು ಹೆಸರು ಮತ್ತು ಒಂದು ಆಕಾರ, ಎರಡೂ ಹೊಂದಿಕೆಯಾದರೆ ಕೆಲಸ ಮುಗಿಯಿತು ಎಂಬ ಪಾಠವನ್ನು ಆಟ ನೂರು ಸಲ ಹೇಳಿಕೊಡುತ್ತದೆ. ಕಣ್ಣು ಚುರುಕಾಗುತ್ತದೆ ನಿಜ, ಕುತೂಹಲ ಮಾತ್ರ ಸೋಮಾರಿಯಾಗುತ್ತದೆ.

ಹೀಗೆಯೇ ಇರಬೇಕೆಂದೇನೂ ಇಲ್ಲ. ಬಿಗ್ ಫಿಶ್‌ನವರದೇ 2009ರ 'ಡ್ರಾನ್: ದ ಪೇಂಟೆಡ್ ಟವರ್' ನೋಡಿ. ಗೋಪುರದಲ್ಲಿ ಸೆರೆಯಾದ ಐರಿಸ್ ಎಂಬ ಹುಡುಗಿಯ ಚಿತ್ರಗಳಿಗೆ ಜೀವ ಬರುತ್ತದೆ. ಅವಳನ್ನು ಬಿಡಿಸಹೊರಟ ನಾವು ಚಿತ್ರಗಳ ಒಳಹೊಕ್ಕು ಮುಂದೆ ಸಾಗಬೇಕು. ಅಲ್ಲಿ ಸಾಮಾನುಗಳ ರಾಶಿಯಿಲ್ಲ. ಕೈಗೆ ಸಿಕ್ಕಿದ್ದು ಆ ಮಗುವಿನದು ಎಂಬ ಅರಿವು ಕೊನೆಯವರೆಗೂ ಇರುತ್ತದೆ. ಹಾಗಾಗಿ ಆಟ ಮುಗಿದ ಮೇಲೂ ಹುಡುಗಿ ನೆನಪಿನಲ್ಲಿ ಉಳಿಯುತ್ತಾಳೆ.

'ಬಚ್ಚಿಟ್ಟ ವಸ್ತು' ಎಂದಾಗ ನನಗೆ ನೆನಪಾಗುವುದು ಸೊಸೆ ಓದುವ ಊರಾದ ಮೂಡುಬಿದಿರೆಯೇ. ಅಲ್ಲಿನ ಗುರು ಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರೂ ಇದೆ. ಜೈನರ ಪ್ರಾಚೀನ ಆಗಮವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಳ ಟೀಕೆ, ಅದರ ಜೊತೆಗೆ ಜಯಧವಳ, ಮಹಾಧವಳ ಗ್ರಂಥಗಳ ತಾಳೆಗರಿ ಪ್ರತಿಗಳು ಉಳಿದುಕೊಂಡದ್ದು ಅಲ್ಲಿ. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡ. ಅವು ಅಲ್ಲಿವೆಯೆಂದು ಎಲ್ಲರಿಗೂ ಗೊತ್ತಿತ್ತು. ದೂರದೂರದ ಯಾತ್ರಿಕರು ಬಂದು ದರ್ಶನ ಪಡೆದು, ಕೈಮುಗಿದು ಹೋಗುತ್ತಿದ್ದರು. ಆಟದ ಲೆಕ್ಕದಲ್ಲಿ ಅವು 'ಸಿಕ್ಕಿಯಾಗಿತ್ತು'. ಆದರೆ ಓದುವವರಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಅವುಗಳನ್ನು ನಕಲು ಮಾಡುವ ಕೆಲಸ ಶುರುವಾಯಿತು. ಅದು ಮುಗಿಯಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ನಕಲುಗಾರರಲ್ಲೊಬ್ಬರಾದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದು ಉತ್ತರದ ಸಹಾರನ್‌ಪುರಕ್ಕೆ ಹೋಯಿತು. ಗ್ರಂಥ ಬಸದಿಯಿಂದ ಹೊರಬಂದದ್ದು ಹೀಗೆ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಳದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಒಟ್ಟು 16 ಸಂಪುಟಗಳಾದವು.

ಗುಟ್ಟಾಗಿ ನಕಲು ಮಾಡಿದ್ದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ನಮ್ಮ ಮಾತಿಗೆ ಬೇಕಾದದ್ದು ಇಷ್ಟೇ: ವಸ್ತು ಕಣ್ಣಿಗೆ ಬಿದ್ದಲ್ಲಿಗೆ ಹುಡುಕಾಟ ಮುಗಿಯಲಿಲ್ಲ, ಅಲ್ಲಿಂದ ಶುರುವಾಯಿತು. ಒಬ್ಬ ಹೆಣ್ಣುಮಗಳ ದುಡಿಮೆಯೂ ಅದರಲ್ಲಿದೆ.

ನಮ್ಮ ಬಂಟ್ವಾಳದಲ್ಲೂ ಇಂಥದೊಂದು ಕೆಲಸ ನಡೆದಿದೆ. ಬಿ.ಸಿ.ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹಾಲಯಕ್ಕೆ 'ತುಳು ಬದುಕು' ಎಂಬ ಹೆಸರಿದೆ. ಹೆಸರೇ ಹೇಳುವಂತೆ ಅಲ್ಲಿ ಕಾಣುವುದು ಅರಸರ ಕಿರೀಟವಲ್ಲ, ಸಾಮಾನ್ಯರ ಮನೆ, ಗದ್ದೆ, ಅಡುಗೆಕೋಣೆಗಳ ಸಾಮಾನು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಇನ್ನೊಂದು ಬಗೆಯದು. ತಾಳೆಗರಿ, ಕ್ಯಾಮೆರಾ, ನಾಣ್ಯ, ವಿಗ್ರಹ ಎಲ್ಲವೂ ಒತ್ತೊತ್ತಾಗಿ ತುಂಬಿರುವ ಅಲ್ಲಿ ನಿಂತರೆ ಸೊಸೆಯ ಆಟದ ಪರದೆಯೊಳಗೇ ಹೊಕ್ಕಂತಾಗುತ್ತದೆ. ಒಂದೇ ವ್ಯತ್ಯಾಸ: ಅಲ್ಲಿನ ಪ್ರತಿಯೊಂದೂ ಯಾರದೋ ಕೈಯಲ್ಲಿ ಇದ್ದದ್ದು.

ರಜೆ ಮುಗಿಯುವ ಮುನ್ನ ಒಂದು ಕೆಲಸ ಬಂತು. ಬೆಳ್ತಂಗಡಿ ಕಡೆಯಲ್ಲಿರುವ ಉಮ್ಮನ ತವರುಮನೆಯನ್ನು ಕೆಡವಿ ಹೊಸದು ಕಟ್ಟುವ ತೀರ್ಮಾನವಾಗಿತ್ತು. ಅಟ್ಟದ ಸಾಮಾನುಗಳನ್ನು ಗುಜರಿಯವನಿಗೆ ಕೊಡುವುದೆಂದಾಗಿತ್ತು. ಉಮ್ಮ ಹೊರಟರು, ಜೊತೆಗೆ ಮೊಮ್ಮಗಳು, ಅವಳ ಕೈಯಲ್ಲಿ ಟಾರ್ಚು ಮತ್ತು ನೋಟುಪುಸ್ತಕ. ಅಟ್ಟದ ಆ ಮಬ್ಬಿನಲ್ಲಿ ಆಟ ತಿರುಗುಮುರುಗಾಯಿತು. ಸಾಮಾನುಗಳು ಎದುರಿಗಿದ್ದವು, ಪಟ್ಟಿ ಇರಲಿಲ್ಲ. ಅವಳು ಒಂದೊಂದನ್ನೇ ಎತ್ತಿ ಹಿಡಿದಳು, ಉಮ್ಮ ಹೆಸರು ಹೇಳಿದರು. ಅಕ್ಕಿ ಅಳೆಯುವ ಕಳಸೆ. ಆಟಿ ತಿಂಗಳ ಮಳೆಯಲ್ಲಿ ಹೊತ್ತು ಕಳೆಯುತ್ತಿದ್ದ ಹದಿನಾಲ್ಕು ಕುಳಿಗಳ ಚೆನ್ನೆಮಣೆ. ಅಡಿಕೆ ಹಾಳೆಯ ಮುಟ್ಟಾಳೆ. ಹೆಸರಿನ ಹಿಂದೆಯೇ ಕತೆಯೂ ಬಂತು: ಆ ಕಳಸೆಯನ್ನು ನೆರೆಮನೆಯವರು ತಿಂಗಳಿಗೊಮ್ಮೆ ಒಯ್ದು ಮರಳಿಸುತ್ತಿದ್ದದ್ದು, ಆ ಮಣೆಯಲ್ಲಿ ಸೋತು ಅತ್ತ ತಂಗಿ.

ಒಂದು ಮರದ ಸಾಮಾನಿನ ಹೆಸರು ಮಾತ್ರ ಉಮ್ಮನಿಗೂ ನೆನಪಾಗಲಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ನನ್ನ ಉಮ್ಮನಿಗೆ ಗೊತ್ತಿತ್ತು" ಎಂದು ಕೆಳಗಿಟ್ಟರು. ಸೊಸೆ ಪುಸ್ತಕದಲ್ಲಿ ಆ ಸಾಲನ್ನು ಖಾಲಿ ಬಿಟ್ಟಿದ್ದಾಳೆ. ಸುಳಿವಿಗಾಗಿ ಒತ್ತಲು ಅಲ್ಲಿ ಗುಂಡಿಯಿಲ್ಲ.

ಮಕ್ಕಳ ಕೈಯಿಂದ ಈ ಆಟಗಳನ್ನು ಕಿತ್ತುಕೊಳ್ಳಿ ಎಂದು ನಾನು ಹೇಳಲಾರೆ. ಅವು ಕಲಿಸಿದ ಹುಡುಕುವ ಕಣ್ಣು ಅಟ್ಟದ ಮೇಲೆ ಉಪಯೋಗಕ್ಕೆ ಬಂದದ್ದನ್ನು ನೋಡಿದ್ದೇನೆ. ಆದರೆ ಆಡುವಾಗ ಪಕ್ಕದಲ್ಲಿ ಕುಳಿತು ಉಮ್ಮ ಕೇಳಿದ ಪ್ರಶ್ನೆಯನ್ನು ನೀವೂ ಒಮ್ಮೆ ಕೇಳಿ. ಆಮೇಲೆ, ಗುಜರಿಯ ಗಾಡಿ ಬರುವ ಮೊದಲು, ನಿಮ್ಮ ಮನೆಯ ಅಟ್ಟಕ್ಕೆ ಅವರನ್ನು ಕರೆದುಕೊಂಡು ಹೋಗಿ. ಹೆಸರು ಬಲ್ಲವರು ಜೊತೆಗಿರುವಾಗಲೇ ಹೋಗಿ.