ಕಾಫಿಮಲೆಯ ಕ್ರಿಸ್ಮಸ್ ಗೀತಗಳು

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ತೋಟಗಳಲ್ಲಿ ಅರಾಬಿಕಾ ಕಾಫಿಯ ಕೊಯ್ಲು ನಡೆಯುವ ಕಾಲಕ್ಕೇ ಕ್ರಿಸ್ಮಸ್ ಹಬ್ಬವೂ ಬರುವುದು. ಹಬ್ಬಕ್ಕೆ ಮುಂಚಿನ ಇರುಳುಗಳಲ್ಲಿ ಗಾಯಕರ ತಂಡಗಳು ಮನೆಯಿಂದ ಮನೆಗೆ ಹೋಗಿ ಯೇಸುವಿನ ಜನನವನ್ನು ಹಾಡುವುವು. ಮಂಗಳೂರಿನ ಕಡೆಯಿಂದ ಬಂದು ನೆಲೆಸಿದ ಕ್ರೈಸ್ತ ಮನೆತನಗಳು ಕುಸ್ವಾರ್ ತಿಂಡಿಗಳನ್ನು ನೆರೆಹೊರೆಗೆ ಹಂಚುವುದುಂಟು. ತಿಂಡಿಯ ರುಚಿಗೆ ಭಾಷೆ ಬೇಡ, ಹಾಡಿಗೆ ಬೇಕು. ಕೇಳುವವರ ಮನಸ್ಸನ್ನು ಹೊಕ್ಕಮೇಲೆಯೇ ಹಾಡು ಕೊಡುಗೆಯಾಗುವುದು. ಕನ್ನಡದ ಕ್ರಿಸ್ಮಸ್ ಗೀತಗಳನ್ನು ಈ ದೃಷ್ಟಿಯಿಂದ ವಿಮರ್ಶಿಸುವುದು ಯುಕ್ತವಾಗಿದೆ.

ಮನೆಬಾಗಿಲಿಗೆ ಹಾಡನ್ನು ಒಯ್ಯುವ ರೂಢಿ ಮಲೆನಾಡಿಗೆ ಹೊಸತಲ್ಲ. ದೀಪಾವಳಿಯ ರಾತ್ರಿಗಳಲ್ಲಿ ಅಂಟಿಕೆ ಪಂಟಿಕೆಯವರು ದೀಪವನ್ನು ಹಿಡಿದು ಮನೆಮನೆಗೂ ಹೋಗಿ ಹಾಡುತ್ತಾರೆ. ಮನೆಯವರು ಆ ಜ್ಯೋತಿಗೆ ಎಣ್ಣೆಯೆರೆದು, ಅಕ್ಕಿ, ಕಾಯಿ, ಹಣಗಳನ್ನು ಕೊಡುತ್ತಾರೆ. ಅಲ್ಲಿ ಕೊಡುವವರಾರು, ಪಡೆಯುವವರಾರು ಎಂದು ಬೇರ್ಪಡಿಸುವುದು ಕಷ್ಟ. ಆ ಪದಗಳು ಆಡುಮಾತಿನಲ್ಲಿಯೇ ಬೆಳೆದವಾದುದರಿಂದ ಮನೆಯ ಮಕ್ಕಳಿಗೂ ತಿಳಿಯುವುವು.

ಕನ್ನಡ ಕ್ರೈಸ್ತಸಾಹಿತ್ಯದಲ್ಲಿಯೂ ಈ ವಿವೇಕ ಮೊದಲೇ ಕಾಣಿಸಿಕೊಂಡಿತ್ತು. ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟ್ಟೆಲರು 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿಯೇ ಹೇಳಿದರು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದವರೂ ಅವರೇ. ಇತ್ತ ಕಥೋಲಿಕ ಸಭೆಯ ಪೂಜಾವಿಧಿಯಲ್ಲಿ ಲ್ಯಾಟಿನ್ ಭಾಷೆಯೇ ಬಹುಕಾಲ ನಡೆದಿತ್ತು. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ದಾರಿ ತೆರೆಯಿತು. ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪಿತವಾದುದೂ ಅದೇ ವರ್ಷ.

ಆದರೆ ದಾರಿ ತೆರೆದಮಾತ್ರಕ್ಕೆ ಒಳ್ಳೆಯ ಗೀತ ಸಿದ್ಧಿಸದು. ಪಾಶ್ಚಾತ್ಯ ಧಾಟಿಗಳಿಗೆ ಹೊಂದಿಸಿದ ಅನುವಾದಗಳಲ್ಲಿ ಗುರುಲಘುಗಳು ಸ್ಥಾನ ತಪ್ಪುವ ದೋಷ ಸುಲಭವಾಗಿ ನುಸುಳುವುದು. ಇಂಗ್ಲಿಷಿನಲ್ಲಿ ಒತ್ತು ಪ್ರಧಾನ. ಕನ್ನಡದಲ್ಲಿ ಅಕ್ಷರದ ಹ್ರಸ್ವದೀರ್ಘಗಳಿಂದ ಅರ್ಥವೇ ಬದಲಾಗುವುದು. ಧಾಟಿ ಓಡುವ ಕಡೆಯಲ್ಲಿ ದೀರ್ಘಾಕ್ಷರವನ್ನು ತುರುಕಿದರೆ 'ಬಾಲ' ಎಂಬುದು 'ಬಲ' ಎಂದು ಕೇಳಿಸುವುದು. ದೇವರ 'ದಾನ' 'ದನ'ವಾಗುವುದು. ಗೋದಲಿಯಲ್ಲಿ ದನವಿರುವುದು ಸಹಜವಾದರೂ ಕವಿ ಹೇಳಹೊರಟುದು ಅದಲ್ಲವಷ್ಟೆ!

ಇದು ಪರದೇಶದ ಧಾಟಿಯ ಅಪರಾಧವಲ್ಲ. ಯೋಸೆಫ್ ಮೋರ್ ಬರೆದು ಫ್ರಾನ್ಸ್ ಗ್ರೂಬರ್ ಸ್ವರ ಕೂಡಿಸಿದ, 1818ರಲ್ಲಿ ಆಸ್ಟ್ರಿಯಾದ ಓಬರ್ನ್‌ಡಾರ್ಫಿನ ಚರ್ಚಿನಲ್ಲಿ ಗಿಟಾರಿನೊಡನೆ ಮೊದಲು ಹಾಡಿದ 'ಸೈಲೆಂಟ್ ನೈಟ್' ಗೀತದ ಧಾಟಿ ಮೂರು ಮೂರು ಎಣಿಕೆಗಳಲ್ಲಿ ತೂಗುತ್ತದೆ. ಕನ್ನಡದ ಮೂರು ಮಾತ್ರೆಯ ಗಣಕ್ಕೆ ಅಲ್ಲಿ ಎಡೆಯಿಲ್ಲವೆ? ಬಿ. ಎಂ. ಶ್ರೀಕಂಠಯ್ಯನವರು 1926ರ 'ಇಂಗ್ಲಿಷ್ ಗೀತಗಳು' ಸಂಗ್ರಹದಲ್ಲಿ ಪರಭಾಷೆಯ ಕವಿತೆಗಳನ್ನು ಕನ್ನಡದ ಮಾತ್ರಾಗಣಗಳಿಗೆ ಒಗ್ಗಿಸಿ ತೋರಿಸಿದರು. ಕ್ರೈಸ್ತಗೀತಗಳ ಅನುವಾದಕರಿಗೂ ಆ ಮಾರ್ಗವೇ ಉಚಿತವಾದುದು.

ಭಕ್ತಿಯಿರುವೆಡೆ ಛಂದಸ್ಸಿನ ಲೆಕ್ಕವೇಕೆಂದು ಕೆಲವರು ಆಕ್ಷೇಪಿಸಬಹುದು. ಪುರಂದರದಾಸರ ಭಕ್ತಿ ಯಾರಿಗೂ ಕಡಮೆಯದಲ್ಲ. ಆದರೂ ಅವರು ತಾಳವನ್ನಾಗಲಿ ಪ್ರಾಸವನ್ನಾಗಲಿ ಕೈಬಿಡಲಿಲ್ಲ. ಅಲ್ಲದೆ ಕಾಫಿಮಲೆಯಲ್ಲಿ ಕೊಂಕಣಿ, ತುಳು, ತಮಿಳುಗಳನ್ನು ಆಡುವವರು ಒಂದೇ ತೋಟದಲ್ಲಿ ದುಡಿಯುವರು. ಅವರನ್ನು ಕೂಡಿಸುವ ಮಾತು ಕನ್ನಡ. ಲೂಕನ ಸುವಾರ್ತೆಯ ಪ್ರಕಾರ ಕ್ರಿಸ್ತಜನನದ ವಾರ್ತೆ ಮೊದಲು ಮುಟ್ಟಿದುದು ಬಯಲಿನಲ್ಲಿ ರಾತ್ರಿ ಕುರಿ ಕಾಯುತ್ತಿದ್ದವರಿಗೆ. ಹಗಲೆಲ್ಲ ಹಣ್ಣು ಬಿಡಿಸಿ ದಣಿದು ಲೈನ್ ಮನೆಯ ಬಾಗಿಲಲ್ಲಿ ನಿಂತು ಕೇಳುವವಳಿಗೆ ಹಾಡಿನ ಮಾತು ಒಡನೆ ಹೊಳೆಯಬೇಕು. ಧಾಟಿಯನ್ನು ಕಲಿಸುವುದಕ್ಕೆ ಮುಂಚೆ ಸಾಹಿತ್ಯವನ್ನು ಗಟ್ಟಿಯಾಗಿ ಓದಿಸುವ ಪದ್ಧತಿಯನ್ನು ಗಾಯಕರ ತಂಡಗಳು ಹಿಡಿದರೆ, ಎಡವುವ ಮಾತುಗಳು ಕಿವಿಗೇ ಸಿಕ್ಕಿಬೀಳುವುವು. ಅವನ್ನು ತಿದ್ದಿಕೊಡುವ ಕೆಲಸವನ್ನು ಕನ್ನಡದ ಕವಿಗಳು ಧರ್ಮಭೇದವಿಲ್ಲದೆ ಸಂತೋಷದಿಂದ ವಹಿಸಿಕೊಳ್ಳಬಹುದು.