ಬಂಧುಪ್ರೇಮವೂ ರಾಜ್ಯದ ಶಂಕೆಯೂ

ಸರಕಾರದ ಕಟ್ಟಳೆಗಳನ್ನು ಸಾಹಿತ್ಯವೆಂದು ಓದುವ ವಾಡಿಕೆ ನಮ್ಮಲ್ಲಿಲ್ಲ. ಆದರೆ ಮನುಷ್ಯನ ಒಲವನ್ನು ತೂಗಲು ಹೊರಟ ಯಾವ ಬರಹವೂ ವಿಮರ್ಶೆಗೆ ಹೊರತಾಗಲಾರದು. ರಾಜ್ಯರಹಸ್ಯಗಳನ್ನು ಯಾರ ವಶಕ್ಕೆ ಒಪ್ಪಿಸಬಹುದೆಂದು ನಿರ್ಣಯಿಸುವುದಕ್ಕಾಗಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 2017ನೆಯ ಜೂನ್ ತಿಂಗಳಲ್ಲಿ ಜಾರಿಗೆ ಬಂದ ಸೂತ್ರಾವಳಿಯು ಅಂತಹ ಬರಹ. ಅದರ 13 ಪ್ರಕರಣಗಳಲ್ಲಿ ಎರಡನೆಯದು ಪರದೇಶದ ಪ್ರಭಾವವನ್ನು ಕುರಿತದ್ದು.

ಈ ಅರ್ಹತೆ ಸಾಮಾನ್ಯವಾಗಿ ಆ ದೇಶದ ಪೌರರಿಗೆ ಮಾತ್ರ ಉಂಟು. ಆದರೆ ಪೌರತ್ವ ದೊರೆತ ಮಾತ್ರಕ್ಕೆ ರಕ್ತಸಂಬಂಧ ಕಡಿಯುವುದೇ? ತಾಯಿತಂದೆಗಳನ್ನು ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಬಿಟ್ಟು, ಅಲ್ಲಿ ಇಂಜಿನಿಯರಾಗಿ ನೆಲೆಸಿ ಪೌರನಾದ ಕನ್ನಡಿಗನು ಇಂತಹ ಕೆಲಸವನ್ನು ಬಯಸಿದರೆ ಅವನಿಗೂ ಈ ಪ್ರಶ್ನೆ ತಪ್ಪದು.

ಶಂಕೆಯೇನೋ ನಿರಾಧಾರವಲ್ಲ. ಬಂಧುಗಳು ಪರದೇಶದಲ್ಲಿರುವವನನ್ನು ಸೂತ್ರವು ದ್ರೋಹಿಯೆಂದು ಕರೆಯುವುದಿಲ್ಲ. ಅವನ ನಿಷ್ಠೆ ಎರಡಾಗಬಹುದು, ಬಂಧುಗಳ ಮೂಲಕ ಅವನು ಒತ್ತಾಯಕ್ಕೆ ಸಿಲುಕಬಹುದು ಎಂದಷ್ಟೇ ಎಚ್ಚರಿಸುತ್ತದೆ. ಆದುದರಿಂದ ಅವರು ಯಾವ ದೇಶದವರು, ಅಲ್ಲಿ ಯಾವ ಹುದ್ದೆಯಲ್ಲಿರುವರು ಎಂಬುದನ್ನೂ ವಿಚಾರಿಸುತ್ತದೆ. ಇಷ್ಟರ ಮಟ್ಟಿಗೆ ಈ ವಿವೇಕ ಮೆಚ್ಚತಕ್ಕದ್ದು.

ಕುಂದು ಇರುವುದು ಪರಿಹಾರದ ಭಾಗದಲ್ಲಿ. ಶಂಕೆಯನ್ನು ನೀಗಲು ಅದು ತೋರುವ ದಾರಿಗಳಲ್ಲಿ ಎರಡು ಗಮನಾರ್ಹವಾಗಿವೆ. ಪರದೇಶದವರೊಡನೆ ಸಂಪರ್ಕ ವಿರಳವಾಗಿದ್ದರೆ, ಅವರ ಮೇಲಣ ನಿಷ್ಠೆ ಅತ್ಯಲ್ಪವಾಗಿದ್ದರೆ, ಭಯವಿಲ್ಲವೆಂಬುದು ಒಂದು. ಅಮೆರಿಕದಲ್ಲಿಯೇ ಆಳವೂ ದೀರ್ಘಕಾಲದ್ದೂ ಆದ ಬಾಂಧವ್ಯಗಳು ಬೆಳೆದಿದ್ದರೆ, ಸಂದಿಗ್ಧ ಬಂದಾಗ ಅವನು ಆ ದೇಶದ ಹಿತವನ್ನೇ ಹಿಡಿಯುವನೆಂಬುದು ಇನ್ನೊಂದು. ಮೊದಲನೆಯ ಮಾತನ್ನು ಹೆತ್ತವರಿಗೆ ಅನ್ವಯಿಸಿದರೆ, ತಾಯಿಯ ಯೋಗಕ್ಷೇಮವನ್ನು ವಿಚಾರಿಸದವನಿಗೇ ಮನ್ನಣೆಯಿತ್ತಂತಾಗುವುದು. ವಿಚಾರಣೆ ನಡೆಸುವ ನ್ಯಾಯಾಧೀಶರು ಇದನ್ನು ಅರಿತಂತಿದೆ: ಹೆತ್ತವರೊಡನೆ, ಒಡಹುಟ್ಟಿದವರೊಡನೆ ಇರುವ ಸಂಪರ್ಕವನ್ನು ಕ್ಷುಲ್ಲಕವೆಂದು ಅವರು ಸುಲಭವಾಗಿ ಒಪ್ಪುವುದಿಲ್ಲ, ಅಲ್ಲಿ ಒಲವು ಇದ್ದೇ ಇರುವುದೆಂದು ಭಾವಿಸಿಯೇ ಮುಂದುವರಿಯುತ್ತಾರೆ.

ಈ ಸಮಸ್ಯೆ ನಮ್ಮ ಕಾವ್ಯಕ್ಕೆ ಹೊಸದಲ್ಲ. ವಾಲ್ಮೀಕಿಯ ಯುದ್ಧಕಾಂಡದಲ್ಲಿ ವಿಭೀಷಣನು ಹೆಂಡತಿಮಕ್ಕಳನ್ನು ತೊರೆದು ಬಂದಿರುವೆನೆಂದು ಹೇಳಿಕೊಂಡರೂ, ಶತ್ರುವಿನ ತಮ್ಮನೆಂದು ಸುಗ್ರೀವನು ಶಂಕಿಸಿದನು. ಹನುಮಂತನು ಬಂದವನ ಮಾತನ್ನೂ ಮುಖವನ್ನೂ ನೋಡಿ ಒಪ್ಪಿದನು. ಕವಿಯು ಸುಗ್ರೀವನನ್ನು ಹಳಿಯಲಿಲ್ಲ. ಆದರೆ ಕೊನೆಯ ಮಾತನ್ನು ಅಭಯವಿತ್ತ ರಾಮನಿಗೆ ಬಿಟ್ಟನು. ಸೂತ್ರಾವಳಿಯಲ್ಲಿಯಾದರೋ ಕೊನೆಯ ಮಾತು ಸುಗ್ರೀವನದೇ: ಸಂಶಯವುಳಿದರೆ ಅದನ್ನು ರಾಷ್ಟ್ರಭದ್ರತೆಯ ಪರವಾಗಿಯೇ ತೀರ್ಮಾನಿಸತಕ್ಕದ್ದು. ಇಂತಹ ಅನುಮತಿ ಯಾರ ಹಕ್ಕೂ ಅಲ್ಲವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 1988ರಲ್ಲಿಯೇ ಹೇಳಿದೆ.

ಕೊನೆಯ ಮಾತು ಶಂಕೆಗೇ ಸಲ್ಲುವಲ್ಲಿ ಅದರ ಹಿಂದಿನ ಮಾತುಗಳು ಇನ್ನಷ್ಟು ಶುದ್ಧವಾಗಿರಬೇಕು. ಹೆತ್ತವರ ವಿಷಯದಲ್ಲಿ ಮೊದಲನೆಯ ದಾರಿಯನ್ನು ಬಿಟ್ಟು, ಎರಡನೆಯದನ್ನೇ ಹಿಡಿಯುವುದು ಲೇಸೆಂದು ನಮ್ಮ ಮತ. ಅದು ಅಲ್ಲಿ ಎಷ್ಟು ಮರೆತೆಯೆಂದು ಕೇಳುವುದಿಲ್ಲ. ಇಲ್ಲಿ ಎಷ್ಟು ಬೇರೂರಿದೆಯೆಂದು ಕೇಳುತ್ತದೆ. ದೂರದ ತಾಯಿಯೊಡನೆ ವಾರವಾರವೂ ಮಾತನಾಡಿ, ಅದನ್ನು ಮರೆಮಾಚದೆ ಅರ್ಜಿಯಲ್ಲಿ ಬರೆಯುವವನು ಋಣವನ್ನು ಬಲ್ಲವನು. ಒಂದು ಋಣವನ್ನು ಬಲ್ಲವನೇ ಇನ್ನೊಂದನ್ನೂ ಉಳಿಸಿಕೊಂಡಾನು.